ಎಡಕ್ಕೆ ವಾಲಿದ ಗಾಡಿ

ನಾನು ದಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಇದೇ ಮೂಲ ಎಂದು ನಮ್ಮ ಮನೆಯವರು ಬಹಳ ಕಾಲ ನಂಬಿದ್ದರು, ನಾನೂ ನಂಬಿದ್ದೆ. ‘ಮೈ ತುಂಬಿಕೊಂಡಿದ್ದೀರಿ’ ಎಂದು ಯಾರಾದರೂ ನಯವಾಗಿ ಹೇಳಿದರೆ ನನಗೆ ಉರಿದುಹೋಗುತ್ತದೆ. ದಪ್ಪ ಎಂದರೆ ದಪ್ಪ, ಅದಕ್ಕೇಕೆ ಬೆಣ್ಣೆ ಹಚ್ಚಬೇಕು? ಮಲ್ಕಾಜ್‌ಗಿರಿಯ ಶೇರ್ ಆಟೋದವರು ನನ್ನನ್ನು ಹತ್ತಿಸಿಕೊಂಡ ಮೇಲೆ ಹಿಂದಿನ ಸೀಟಿಗೆ ಇನ್ನೊಬ್ಬರನ್ನು ಕರೆಯುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಅಕ್ಕ ಮಾತ್ರ ನನ್ನನ್ನು ಕರೆದದ್ದು ಯಾವಾಗಲೂ ‘ಸಣ್ಣಾಕಿ’ ಎಂದೇ. ಅವಳಿಗಿಂತ ಸಣ್ಣವಳು ಎಂಬಷ್ಟೇ ಅದರ ಅರ್ಥ. ನಾನು ಎಷ್ಟೇ ಬೆಳೆದರೂ ಅವಳು ಆ ಹೆಸರನ್ನು ಬದಲಿಸಲಿಲ್ಲ, ಅದನ್ನು ಹೇಳುವಾಗ ನಗಲೂ ಇಲ್ಲ.

ನಾವು ರಾಯಚೂರು ಕಡೆಯವರು. ನನಗೆ ಸರಿಯಾಗಿ ಮಾತು ಬರುವ ಮುಂಚೆಯೇ ಅವ್ವ ತೀರಿಕೊಂಡಳು. ಅವ್ವನದೊಂದು ಫೋಟೋ ಕೂಡ ನಮ್ಮಲ್ಲಿ ಇಲ್ಲ. ನನ್ನನ್ನು ಸಾಕಿದವಳು ಅಕ್ಕ. ಅವಳಿಗೆ ಹೈದರಾಬಾದಿನ ರೈಲ್ವೆ ನೌಕರನೊಬ್ಬನ ಜೊತೆ ಮದುವೆಯಾದಾಗ ನಾನೂ ಅವಳ ಸೆರಗು ಹಿಡಿದುಕೊಂಡೇ ಮಲ್ಕಾಜ್‌ಗಿರಿಗೆ ಬಂದೆ. ಆಮೇಲೆ ಎರಡು ಗಲ್ಲಿ ಆಚೆ ನನ್ನದೇ ಒಂದು ಸಣ್ಣ ಮನೆ ಮಾಡಿಕೊಂಡು, ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಮಾಡುವ ಕೆಲಸಕ್ಕೆ ಇಳಿದೆ. ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಹುಡುಗ ಹುಡುಗಿಯರು ರಾಶಿ ರಾಶಿ ಇದ್ದಾರೆ. ಊರಲ್ಲಿ ರೊಟ್ಟಿ ಕಂಡರೆ ಮೂಗು ಮುರಿಯುತ್ತಿದ್ದವರೂ ಇಲ್ಲಿಗೆ ಬಂದ ಮೇಲೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಅಂತ ಬಾಯಿ ಬಿಡುತ್ತಾರೆ. ಶನಿವಾರ ಬೆಳಿಗ್ಗೆ ರೊಟ್ಟಿಯ ಗಂಟುಗಳನ್ನು ಭಾವನ ಕಾರಿನ ಡಿಕ್ಕಿಗೆ ತುಂಬಿ ನಾವು ಮೂವರೂ ಗಚ್ಚಿಬೌಲಿಗೆ ಹೊರಡುತ್ತಿದ್ದೆವು. ಭಾವ ಗಾಡಿ ಹೊಡೆಯುತ್ತಿದ್ದ. ಅಕ್ಕ ಅವನ ಹಿಂದೆ. ನಾನು ಅಕ್ಕನ ಪಕ್ಕ, ಎಡಗಡೆ.

ಶನಿವಾರ ಎಂದರೆ ನನಗೆ ಹಬ್ಬ. ರೊಟ್ಟಿ ಮಾರುವುದಕ್ಕಲ್ಲ, ಅಕ್ಕನ ಬಾಯಿಂದ ಅವ್ವನ ಕತೆ ಕೇಳುವುದಕ್ಕೆ.

ಮನೆಯಲ್ಲಿ ಕೇಳಿದರೆ ಅಕ್ಕ ಹೇಳುತ್ತಿರಲಿಲ್ಲ. ‘ಕೈ ಖಾಲಿ ಇಲ್ಲ, ಗಾಡ್ಯಾಗ ಹೇಳ್ತೀನಿ’ ಅನ್ನುತ್ತಿದ್ದಳು. ಸಿಕಂದರಾಬಾದ್ ದಾಟಿ ಬೇಗಂಪೇಟ್ ಫ್ಲೈಓವರ್ ಹತ್ತುವಷ್ಟರಲ್ಲಿ ಗಾಡಿಗಳ ಸಾಲು ಗಪ್ಪನೆ ನಿಲ್ಲುತ್ತಿತ್ತು, ಅವಳು ಶುರು ಮಾಡುತ್ತಿದ್ದಳು. ಅವ್ವ ನಗುವಾಗ ಸೆರಗಿನ ತುದಿ ಕಚ್ಚಿಕೊಳ್ಳುತ್ತಿದ್ದಳಂತೆ. ಜಗಳವಾಡಿದ ದಿನ ಅವ್ವನ ರೊಟ್ಟಿ ಹಾಳೆಯಷ್ಟು ತೆಳ್ಳಗೆ ಬರುತ್ತಿತ್ತಂತೆ, ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ಹಾಕಿ ಬಡಿಯುತ್ತಿದ್ದಳಂತೆ. ಅಪ್ಪ ತೆಳ್ಳನೆಯ ರೊಟ್ಟಿ ತಿನ್ನುವ ಆಸೆಗೆ ಬೇಕೆಂದೇ ಜಗಳ ತೆಗೆಯುತ್ತಿದ್ದನಂತೆ. ನನ್ನ ಮೂಗಿನ ತುದಿಯ ಸಿಟ್ಟು ಎಲ್ಲಿಂದ ಬಂತು ಎಂದು ನನಗೆ ಗೊತ್ತಾದದ್ದು ಹೀಗೆ, ಟ್ರಾಫಿಕ್ಕಿನಲ್ಲಿ. ಅಕ್ಕನದೊಂದು ಶಿಸ್ತು ಇತ್ತು: ಕೇಳುವವರು ಹೂಂಗುಟ್ಟಬೇಕು. ನಾನು ಕಿಟಕಿಯಾಚೆ ನೋಡುತ್ತ ಒಮ್ಮೆ ಹೂಂ ಅನ್ನುವುದನ್ನು ಮರೆತರೂ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ‘ಹೂಂ ಅನ್ನವಾ. ಇಲ್ಲಾಂದ್ರ ನಾ ಯಾರಿಗೆ ಹೇಳ್ಲಿ?’

ಅವಳು ನನಗೆ ಹೇಳಿದ ಕೊನೆಯ ಕತೆ ಅರ್ಧಕ್ಕೆ ನಿಂತಿದೆ. ಒಂದು ದಿನ ಅವ್ವ ಅಪ್ಪನ ಜೊತೆ ಜೋರಾಗಿ ಜಗಳವಾಡಿ, ರೊಟ್ಟಿ ಬಡಿಯದೆ, ಕೂಸಾಗಿದ್ದ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ತವರಿಗೆ ಹೊರಟುಬಿಟ್ಟಳಂತೆ. ಅಕ್ಕ ಅಳುತ್ತ ಹಿಂದೆ ಓಡಿದಳಂತೆ. ಅವ್ವ ಕಾಲುವೆಯ ತನಕ ಹೋದವಳು ದಂಡೆಯ ಮೇಲೆ ನಿಂತಳು, ನನ್ನ ಕಿವಿಯಲ್ಲಿ ಏನೋ ಹೇಳಿದಳು, ಆಮೇಲೆ ತಿರುಗಿ ಮನೆಗೆ ಬಂದಳು. ‘ಏನು ಹೇಳಿದ್ಲು?’ ಅಂದೆ. ಅಷ್ಟರಲ್ಲಿ ಗಚ್ಚಿಬೌಲಿಯ ಮೊದಲನೆಯ ಗೇಟು ಬಂದಿತ್ತು, ಕೆಳಗೆ ಹುಡುಗರು ಕಾಯುತ್ತಿದ್ದರು. ‘ಬರೋ ಶನಿವಾರ ಹೇಳ್ತೀನಿ, ಈಗ ಗಂಟು ಇಳಸು’ ಅಂದಳು. ಅವಳು ನಗುತ್ತಿದ್ದಳು. ಆ ಮಾತನ್ನು ಅವಳು ಬೇಕೆಂದೇ ಉಳಿಸಿಕೊಂಡಿದ್ದಳು ಎಂದು ನನಗೀಗಲೂ ಅನ್ನಿಸುತ್ತದೆ.

ಆ ಬರುವ ಶನಿವಾರ ನಾನು ಗಾಡಿ ಹತ್ತಲಿಲ್ಲ.

ಅದಕ್ಕೆ ಕಾರಣ ಭಾವ. ಭಾವ ಎಂದರೆ ಕೆಟ್ಟವನಲ್ಲ, ಆದರೆ ತಾನು ಹೇಳಿದ್ದೇ ಖರೆ ಅನ್ನುವ ಗಂಡಸು. ರೈಲ್ವೆಯಲ್ಲಿ ಅವನ ಕೆಲಸ ಬೋಗಿಗಳ ತಪಾಸಣೆ. ಗಾಡಿ ನಿಲ್ದಾಣಕ್ಕೆ ಬಂದ ಕೂಡಲೇ ಟಾರ್ಚು, ಸಣ್ಣ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯುತ್ತ, ಬಗ್ಗಿ ಬಗ್ಗಿ ಚಕ್ರ ನೋಡುವುದು, ಸ್ಪ್ರಿಂಗ್ ನೋಡುವುದು. ಸ್ಪ್ರಿಂಗಿಗೆ ಸುತ್ತಿಗೆ ತಾಗಿಸಿದರೆ ಅದು ಗಟ್ಟಿಯೋ ಮುರಿದಿದೆಯೋ ಸದ್ದಿನಲ್ಲೇ ತನಗೆ ಗೊತ್ತಾಗುತ್ತದೆ ಎಂದು ಅವನಿಗೆ ಭಾರಿ ಹೆಮ್ಮೆ. ನಿವೃತ್ತನಾದ ಮೇಲೂ ಆ ಕಿವಿಯ ಜಂಬ ಇಳಿದಿರಲಿಲ್ಲ. ಊಟಕ್ಕೆ ಕೂತಾಗ ಕುಕ್ಕರಿನ ಸೀಟಿ ಕೇಳಿ ಗ್ಯಾಸ್ಕೆಟ್ ಹೋಗಿದೆ ಅನ್ನುತ್ತಿದ್ದ, ಅದು ಹೋಗಿಯೂ ಇರುತ್ತಿತ್ತು.

ಒಂದು ಮಳೆಗಾಲದಲ್ಲಿ ಅವರ ಅಪಾರ್ಟ್‌ಮೆಂಟಿನ ನೆಲದಡಿ ಗಾಡಿ ನಿಲ್ಲಿಸುವ ಸೆಲ್ಲಾರಿಗೆ ನೀರು ನುಗ್ಗಿ, ಕಾರು ದಿನಗಟ್ಟಲೆ ಅರ್ಧ ಚಕ್ರ ಮುಳುಗಿಸಿಕೊಂಡು ನಿಂತಿತ್ತು. ಅದಾದ ಕೆಲವು ತಿಂಗಳಿಗೆ ಸ್ಪೀಡ್ ಬ್ರೇಕರ್ ಹಾರಿದಾಗಲೆಲ್ಲ ಹಿಂದಿನಿಂದ ‘ಟಣ್’ ಎಂದು ಒಂದು ಸದ್ದು ಶುರುವಾಯಿತು. ಗಾಡಿ ಹಿಂದೆ ಎಡಕ್ಕೆ ವಾಲುತ್ತಿತ್ತು. ಭಾವ ಗಾಡಿಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ಎಡಗಡೆ ನಾನು ಕೂತಿದ್ದೆ. ಅವನಿಗೆ ಅಷ್ಟು ಸಾಕಾಯಿತು.

‘ಮೇಡಂನೋರು ಕುಂತ್ರ ನನ್ನ ಗಾಡಿ ಎಡಕ್ಕ ವಾಲತೈತಿ ನೋಡು’ ಎಂದು ಅಕ್ಕನಿಗೆ ಹೇಳಿದ. ಚೇಷ್ಟೆ ಮಾಡುವಾಗ ನಾನು ಅವನಿಗೆ ಮೇಡಂ ಆಗುತ್ತಿದ್ದೆ. ಮೊದಲ ಸಲ ನಾನೂ ನಕ್ಕೆ. ಆಮೇಲೆ ಅದು ಪ್ರತಿ ಶನಿವಾರದ ಮಾತಾಯಿತು. ನಡುವೆ ಕೂಡ್ರಿ ಮೇಡಂ. ಇವತ್ತು ಉಪವಾಸ ಮಾಡೀರೇನು ಮೇಡಂ, ಸಪ್ಳ ಕಡಿಮಿ ಐತಿ. ನಾನು ಹಲ್ಲು ಕಚ್ಚಿಕೊಂಡು ಅಕ್ಕನ ಕಡೆ ತಿರುಗಿ ಹೂಂ ಅನ್ನುತ್ತಿದ್ದೆ.

ರೈಲ್ವೆ ಹಳಿಯ ಪಕ್ಕದ ಶೆಡ್ಡಿನಲ್ಲಿ ಅವನ ಗುರುತಿನ ಮೆಕ್ಯಾನಿಕ್ ಒಬ್ಬನಿದ್ದ. ಅವನು ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಹೊಸದು ಹಾಕಿದ. ಸದ್ದು ಹೋಗಲಿಲ್ಲ. ಆಗ ಭಾವನೇ ಒಂದು ಉಪಾಯ ಹುಡುಕಿದ. ರಸ್ತೆ ಬದಿಯಲ್ಲಿ ಸೀಟ್ ಕವರ್ ಮಾರುವವರ ಹತ್ತಿರ ದಪ್ಪನೆಯ ರಬ್ಬರಿನ ಬಿಲ್ಲೆ ಸಿಗುತ್ತದೆ. ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ಸೋಪಿನ ನೀರು ಹಚ್ಚಿ ಅದನ್ನು ತುರುಕಿದರೆ ಕುಸಿದ ಗಾಡಿ ಮೇಲೆ ಏಳುತ್ತದೆ. ಅದನ್ನು ಎಡಗಡೆಯ ಸ್ಪ್ರಿಂಗಿಗೆ ಮಾತ್ರ ಹಾಕಿಸಿಕೊಂಡು ಬಂದ. ವಾಲುವುದು ನಿಂತಿತು. ಸದ್ದು ಪೂರ್ತಿ ಹೋಗದಿದ್ದರೂ ಬಾಯಿಗೆ ಬಟ್ಟೆ ತುರುಕಿದಂತೆ ಸಣ್ಣಗಾಯಿತು. ಒಳಗೆ ಏನು ಮುರಿದಿತ್ತೋ ಅದು ಒಳಗೇ ಮುಚ್ಚಿಹೋಯಿತು.

ಅವನ ಮನಸ್ಸಿನಲ್ಲಿ ಅದು ನನಗೆ ಮಾಡಿದ ಉಪಕಾರ. ಆ ಶನಿವಾರ ನಾನು ಗಂಟುಗಳನ್ನು ಹೊತ್ತುಕೊಂಡು ಸೆಲ್ಲಾರಿಗೆ ಬಂದಾಗ ವಾಚ್‌ಮನ್, ಎದುರು ಫ್ಲ್ಯಾಟಿನ ಗಂಡ ಹೆಂಡತಿ, ಎಲ್ಲರೂ ಅಲ್ಲೇ ಇದ್ದರು. ಭಾವ ಎಡಗಡೆಯ ಬಾಗಿಲು ತೆಗೆದು ಹಿಡಿದ. ‘ಬರ್ರಿ ಮೇಡಂ! ನಿಮಗಂತನ ಸ್ಪೆಷಲ್ ರಬ್ಬರ್ ಹಾಕ್ಸೀನಿ. ಈಗ ಆನಿ ಕುಂತ್ರೂ ಏನೂ ಆಗಂಗಿಲ್ಲ!’ ಕನ್ನಡ ಬಾರದ ವಾಚ್‌ಮನ್‌ಗೂ ಅದು ಅರ್ಥವಾಯಿತು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಭಾವ ಅಂದದ್ದನ್ನು ನುಂಗಬಹುದಿತ್ತು. ಅಕ್ಕ ನಕ್ಕದ್ದನ್ನು ನುಂಗಲಾಗಲಿಲ್ಲ. ಗಂಟುಗಳನ್ನು ಡಿಕ್ಕಿಯಲ್ಲಿಟ್ಟು, ‘ಆನೀನ ಕೂಡಿಸ್ಕೊಂಡು ಹೋಗ್ರಿ’ ಎಂದು ಹೇಳಿ ತಿರುಗಿ ನೋಡದೆ ಮನೆಗೆ ಬಂದೆ.

ಆಮೇಲೆ ಅಕ್ಕ ಕರೆಯಲಿಲ್ಲವೆಂದಲ್ಲ. ‘ಬಾರವಾ ಸಣ್ಣಾಕಿ, ಅವರ ಬಾಯಿನ ಹಂಗ’ ಎಂದು ಬಂದು ಬಂದು ಹೇಳಿದಳು. ಭಾವ ಬಂದು ತಪ್ಪಾಯಿತು ಅನ್ನಲಿ, ಬರುತ್ತೇನೆ ಅಂದೆ. ತಾನು ರಬ್ಬರ್ ಹಾಕಿಸಿಲ್ಲವೇ, ಇನ್ನೇನು ಕಾಲಿಗೆ ಬೀಳಬೇಕೇ ಎಂದು ಭಾವ ಅಂದನಂತೆ. ಇಬ್ಬರದೂ ಬಿಗಿ. ಶನಿವಾರಗಳು ಹೋದವು. ರೊಟ್ಟಿಗಳು ಗಚ್ಚಿಬೌಲಿಗೆ ಹೋದವು, ಅಕ್ಕ ಹೋದಳು, ನಾನು ಮನೆಯಲ್ಲಿ ಕೂತು ಮುಂದಿನ ವಾರದ ಜೋಳ ಹಸನು ಮಾಡಿದೆ. ಕಾಲುವೆಯ ದಂಡೆಯ ಮೇಲೆ ಅವ್ವ ನನ್ನ ಕಿವಿಯಲ್ಲಿ ಏನು ಹೇಳಿದಳೆಂದು ಒಂದೊಂದು ಸಲ ನೆನಪಾಗುತ್ತಿತ್ತು. ಎಲ್ಲಿ ಹೋಗುತ್ತದೆ, ಅಕ್ಕ ಇದ್ದಾಳಲ್ಲ ಅಂದುಕೊಳ್ಳುತ್ತಿದ್ದೆ. ಈ ಒಂದು ಮಾತಿಗೆ ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕ ಇದ್ದಳು, ಆದರೆ ಅವಳೊಳಗಿನದು ಒಂದೊಂದೇ ಖಾಲಿಯಾಗತೊಡಗಿತ್ತು. ಮೊದಲು ಹಿಂಡಿಗೆ ಎರಡೆರಡು ಸಲ ಉಪ್ಪು ಹಾಕಿದಳು. ನಮ್ಮ ಮನೆಗೆ ಬರುವ ದಾರಿಯಲ್ಲೇ ನಿಂತು ಯಾರ ಮನೆಗೆ ಹೊರಟಿದ್ದೇನೆಂದು ಅಂಗಡಿಯವನನ್ನು ಕೇಳಿದಳು. ಡಾಕ್ಟರು ಏನೋ ಹೆಸರು ಹೇಳಿ, ಇದು ಹೀಗೇ ಮುಂದುವರಿಯುತ್ತದೆ ಅಂದರು. ನಾನು ಓಡಿಹೋಗಿ ಅವಳ ಮುಂದೆ ಕೂತು ಕೇಳಿದೆ: ಅಕ್ಕಾ, ಅವ್ವ ಕಾಲುವಿ ತನಕಾ ಹೋಗಿ ನನ್ನ ಕಿವ್ಯಾಗ ಏನು ಹೇಳಿದ್ಲು? ಅವಳು ಬರಿದಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ‘ಈಗ ಕೈ ಖಾಲಿ ಇಲ್ಲ. ಗಾಡ್ಯಾಗ ಹೇಳ್ತೀನಿ’ ಅಂದಳು. ಆಗಲೂ ನಾನು ಗಾಡಿ ಹತ್ತಲಿಲ್ಲ. ಮನೆಯಲ್ಲೇ ಇನ್ನೊಂದು ದಿನ ಹೇಳಿಯಾಳು ಎಂದು ಕಾದೆ. ಬರಬರುತ್ತ ಕೆಲವು ದಿನ ನನ್ನ ಗುರುತು ಹಿಡಿಯುತ್ತಿದ್ದಳು, ಕೆಲವು ದಿನ ರೊಟ್ಟಿ ಮಾಡುವ ಯಾವಳೋ ಹೆಂಗಸು ಅಂದುಕೊಂಡು ನಮಸ್ಕಾರ ಮಾಡುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಭಾವ ನನ್ನ ಬಾಗಿಲಿಗೆ ಬಂದ. ಆ ಜಗಳದ ನಂತರ ಅವನು ನನ್ನ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಅಂಗಿಯ ಬೆನ್ನಿಗೆಲ್ಲ ಧೂಳು ಮೆತ್ತಿತ್ತು.

‘ಬಾ, ಒಂದು ತೋರಸ್ತೀನಿ’ ಅಂದ. ಮೇಡಂ ಅನ್ನಲಿಲ್ಲ.

ಸೆಲ್ಲಾರಿನಲ್ಲಿ ಕಾರು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಡಿಕ್ಕಿಯೂ ಖಾಲಿ. ಆದರೂ ಗಾಡಿ ಎಡಕ್ಕೆ ವಾಲಿತ್ತು, ಹಿಂದೆ ನಾನು ಕೂತಾಗ ವಾಲುತ್ತಿದ್ದುದಕ್ಕಿಂತ ಹೆಚ್ಚೇ. ಹಿಂದಿನ ದಿನ ಯಾವುದೋ ಗುಂಡಿಯಲ್ಲಿ ರಬ್ಬರಿನ ಬಿಲ್ಲೆ ಹರಿದು ಬಿದ್ದುಹೋಗಿತ್ತಂತೆ. ಗಾಳಿ ಕಡಿಮೆಯಾಗಿದೆಯೇನೋ ಎಂದು ಭಾವ ಮೊದಲು ಟೈರು ನೋಡಿದ್ದ. ಅದು ಸರಿಯಾಗಿತ್ತು. ಚಕ್ರದ ನಡುವಿನಿಂದ ಮೇಲಿನ ತಗಡಿನ ಅಂಚಿನ ತನಕ ನನ್ನ ಕಣ್ಣೆದುರೇ ಮತ್ತೊಮ್ಮೆ ಗೇಣು ಹಾಕಿ ತೋರಿಸಿದ. ಬಲಗಡೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಎಡಗಡೆ ಗೇಣಿಗೇ ಮುಗಿಯಿತು. ಆಮೇಲೆ ಆ ವಯಸ್ಸಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ ಟಾರ್ಚು ಬಿಟ್ಟ. ‘ಸ್ಪ್ರಿಂಗ್ ಮುರದೈತಿ’ ಎಂದು ಕೆಳಗಿನಿಂದಲೇ ಹೇಳಿದ. ಬಹಳ ಹೊತ್ತು ಎದ್ದು ಬರಲಿಲ್ಲ.

ನಾನೂ ಅವನ ಜೊತೆ ಶೆಡ್ಡಿಗೆ ಹೋದೆ. ಏನಾಗಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಮೆಕ್ಯಾನಿಕ್ ಬಾಯಿ ಮುಚ್ಚುವವನಲ್ಲ. ‘ನಾನು ಅವತ್ತೇ ಹೇಳಿದ್ದೆ, ಸಾಬ್ ಕೇಳಲಿಲ್ಲ’ ಎಂದು ಉರ್ದುವಿನಲ್ಲಿ ಹಸಿ ಸುಳ್ಳು ಹೇಳುತ್ತಲೇ ಜಾಕ್ ಹಾಕಿ ಗಾಡಿ ಎತ್ತಿದ. ಕೆಳಗೆ ಗಟ್ಟಿಯಾದ ಆಧಾರ ಕೊಡು, ಬರೀ ಜಾಕಿನ ಮೇಲೆ ನಂಬಿಕೆ ಇಡಬೇಡ ಎಂದು ಭಾವ ಗದರಿಸಿದ. ಚಕ್ರ ಕಳಚಿ ಬಂತು. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಬಿಚ್ಚಿ, ಎರಡು ಚಕ್ರಗಳನ್ನು ಹಿಡಿದಿರುವ ಅಡ್ಡ ಕಬ್ಬಿಣವನ್ನು ಮೆಲ್ಲಗೆ ಕೆಳಗೆ ಬಿಟ್ಟಾಗ ಸ್ಪ್ರಿಂಗ್ ಕೈಗೇ ಸಡಿಲಾಗಿ ಬಂತು. ಅದು ಕೂರುವ ಬಟ್ಟಲಿನಲ್ಲಿ ಕೆಸರು ಗಟ್ಟಿಯಾಗಿತ್ತು. ಅದನ್ನು ಕೆರೆದಾಗ ಕೆಳಗಿನ ಸುತ್ತಿನ ಮುರಿದ ತುಂಡು ಸಿಕ್ಕಿತು, ಒಡೆದ ಬಳೆಯ ಚೂರಿನ ಹಾಗೆ.

ಭಾವ ಅದನ್ನು ಬೆಳಕಿಗೆ ಹಿಡಿದ. ಮುರಿದ ಮುಖವೆಲ್ಲ ಕಂದು ತುಕ್ಕು. ‘ಇದು ನಿನ್ನೆ ಮೊನ್ನೆ ಮುರದಿದ್ದಲ್ಲ’ ಅಂದ. ಹೊಸದಾಗಿ ಮುರಿದಿದ್ದರೆ ಕಬ್ಬಿಣ ಬೆಳ್ಳಗೆ ಹೊಳೆಯಬೇಕಿತ್ತಂತೆ. ಇದು ಒಳಗಿನ ತನಕ ತುಕ್ಕು ಹಿಡಿಯಬೇಕಾದರೆ ಸೆಲ್ಲಾರಿನ ನೀರಿನಿಂದ ಶುರುವಾಗಿ, ಆ ಮೊದಲ ‘ಟಣ್’ ಕೇಳಿದ ದಿನಗಳಲ್ಲೇ ಮುರಿದಿರಬೇಕು. ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು, ಮೆಕ್ಯಾನಿಕ್ ತರಿಸಿಟ್ಟಿದ್ದ ಹೊಸ ಸ್ಪ್ರಿಂಗಿಗೆ ತಾಗಿಸಿದ, ಅದು ಗಂಟೆಯಂತೆ ಉಲಿಯಿತು. ಹಳೆಯದಕ್ಕೆ ತಾಗಿಸಿದ, ಥಟ್ ಅಂತಷ್ಟೇ ಅಂದಿತು. ಜೀವಮಾನವೆಲ್ಲ ಅವನು ಕೇಳಿದ್ದು ಇದನ್ನೇ.

‘ಮಂದಿ ಗಾಡೀಗೆಲ್ಲ ಬಗ್ಗಿ ನೋಡಿದೆ’ ಅಂದ. ‘ನನ್ನ ಗಾಡೀಗೆ ಬಗ್ಗಲಿಲ್ಲ. ಕಾರಣ ಗೊತ್ತೈತಿ ಅಂತ ತಿಳಕೊಂಡು ಕುಂತಿದ್ದೆ.’

ನನಗೂ ಕಾರಣ ಗೊತ್ತಿತ್ತಲ್ಲ. ನನ್ನ ಮೈಯೇ ಕಾರಣ ಎಂದು ಒಳಗೊಳಗೇ ಒಪ್ಪಿಕೊಂಡಿದ್ದರಿಂದಲೇ ನನಗೆ ಅಷ್ಟು ಸಿಟ್ಟು ಬಂದದ್ದು.

ಒಂದೇ ಹಾಕಿದರೆ ಸಾಕು, ಬಲಗಡೆಯದು ಗಟ್ಟಿಯಿದೆ ಎಂದು ಮೆಕ್ಯಾನಿಕ್ ಅಂದ. ಭಾವ ಒಪ್ಪಲಿಲ್ಲ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಗಾಡಿ ಮತ್ತೆ ವಾಲುತ್ತದೆ, ಜೋಡಿಯಾಗೇ ಹಾಕು ಅಂದ. ಎರಡೂ ಬದಿ ಹೊಸ ಸ್ಪ್ರಿಂಗಿನ ತುದಿಯನ್ನು ರಬ್ಬರ್ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗುವಂತೆ ತಿರುಗಿಸಿ ಕೂರಿಸುವುದನ್ನು ಬಗ್ಗಿ ನೋಡಿದ. ಮತ್ತೆ ಮತ್ತೆ ಬಗ್ಗಿ ನೋಡಿದ. ಚಕ್ರ ಹಾಕಿ ಗಾಡಿ ಇಳಿಸಿದ ಮೇಲೆ ನನಗೆ ಎಡಗಡೆಯ ಬಾಗಿಲು ತೆಗೆದು, ‘ಕುಂದ್ರು’ ಅಂದ. ಕೂತೆ. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

‘ಏನೂ ಆಗಂಗಿಲ್ಲ’ ಅಂದ. ಆಮೇಲೆ ಬಾಗಿಲು ಹಿಡಿದುಕೊಂಡೇ ಇನ್ನೊಂದು ಹೇಳಿದ. ನಾನು ಬರುವುದನ್ನು ಬಿಟ್ಟ ಮೇಲೂ ಅಕ್ಕ ಈ ಸೀಟಿನ ಮೇಲೆ ರೊಟ್ಟಿಯ ಗಂಟು ಕೂಡ ಇಡಗೊಡುತ್ತಿರಲಿಲ್ಲವಂತೆ. ಸಣ್ಣಾಕಿ ಬರುತ್ತಾಳೆ ಅನ್ನುತ್ತಿದ್ದಳಂತೆ. ಬೇಗಂಪೇಟ್ ಬಂದರೆ ಖಾಲಿ ಸೀಟಿನ ಕಡೆ ತಿರುಗಿ ಕತೆ ಹೇಳುತ್ತಿದ್ದಳಂತೆ.

‘ಏನು ಹೇಳ್ತಿದ್ಲು?’ ಅಂದೆ. ‘ಕಾಲುವೀದು ಹೇಳಿದ್ಲೇನು?’

‘ಹೇಳ್ತಿದ್ಲು, ವಾರಾ ವಾರಾ ಹೇಳ್ತಿದ್ಲು. ನಾ ಕೇಳ್ಲಿಲ್ಲವಾ. ನನ್ನ ಕಿವಿಯೆಲ್ಲ ಆ ಟಣ್ ಅನ್ನೋ ಸಪ್ಳದ ಮ್ಯಾಲಿತ್ತು.’

ಆ ಶನಿವಾರ ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಅಕ್ಕ ಆಗಲೇ ತನ್ನ ಜಾಗದಲ್ಲಿ ಕೂತಿದ್ದಳು. ನಾನು ಎಡಗಡೆಯ ಬಾಗಿಲು ತೆಗೆದೆ. ಅವಳು ಸೀಟಿನ ಮೇಲೆ ಅಂಗೈ ಊರಿ ನನ್ನ ಮುಖ ನೋಡಿದಳು.

‘ಇಲ್ಲಿ ಕೂಡಬ್ಯಾಡ್ರಿ’ ಅಂದಳು, ಮೆತ್ತಗೆ. ‘ಇದು ನಮ್ಮ ಸಣ್ಣಾಕಿ ಜಾಗಾ. ಆಕಿ ಸಿಟ್ಟಾಗ್ಯಾಳ. ಬರ್ತಾಳ.’

ಭಾವ ಏನೋ ಹೇಳಲು ಬಾಯಿ ತೆರೆದ. ನಾನು ಬೇಡ ಎಂದು ಕೈ ಮಾಡಿ ಮುಂದೆ ಅವನ ಪಕ್ಕ ಕೂತೆ. ಗಾಡಿ ಹೊರಟಿತು. ಸ್ಪೀಡ್ ಬ್ರೇಕರ್ ಬಂತು, ಹೋಯಿತು, ಒಂದು ಸದ್ದೂ ಇರಲಿಲ್ಲ. ಬೇಗಂಪೇಟ್ ಫ್ಲೈಓವರ್ ಮೇಲೆ ಗಾಡಿಗಳ ಸಾಲು ನಿಂತಾಗ ಅಕ್ಕ ಹಿಂದೆ ಶುರು ಮಾಡಿದಳು. ಭಾವ ಕಿಟಕಿ ಏರಿಸಿದ. ಅವ್ವ ರೊಟ್ಟಿ ಬಡಿಯದೆ ಹೊರಟಳು, ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು, ಕಾಲುವೆಯ ತನಕ ಬಂದಳು, ದಂಡೆಯ ಮೇಲೆ ನಿಂತಳು, ಕೂಸಿನ ಕಿವಿಯ ಹತ್ತಿರ ಬಾಯಿ ತಂದಳು. ಅಲ್ಲಿ ಅಕ್ಕ ನಿಲ್ಲಿಸಿದಳು.

‘ಹೂಂ ಅನ್ನವಾ’ ಎಂದು ಖಾಲಿ ಸೀಟಿಗೆ ಹೇಳಿದಳು.

ಯಾರಾದರೂ ಅನ್ನಲೇಬೇಕಿತ್ತು. ಮುಂದಿನ ಸೀಟಿನಿಂದ ನಾನು ಹೂಂ ಅಂದೆ.

ಅಕ್ಕ ನನ್ನ ಕಡೆ ತಿರುಗಿದಳು. ‘ನಿಮಗಲ್ರಿ’ ಅಂದಳು. ‘ನಮ್ಮ ಸಣ್ಣಾಕೀಗೆ ಹೇಳಾಕತ್ತೀನಿ.’